ಬೇಸ್‌ಮೆಂಟಿನಲ್ಲಿ ಕಲಿತ ನಡಿಗೆ

ಕೊಲ್ಲಿ ನಾಡಿನ ಅಲ್ ಮುರಕ್ಕಬಾತ್ ಬಡಾವಣೆಯ ಫ್ಲ್ಯಾಟಿನಲ್ಲಿದ್ದಾಗ ನಾನು ತೊಂಬತ್ತೆಂಟು ಕಿಲೋ ತೂಗುತ್ತಿದ್ದೆ. ಜಿಮ್ಮಿಗೆ ಸೇರಿ ಮೂರು ಸಲ ಬಿಟ್ಟಿದ್ದೆ. ಕೊನೆಗೆ ಪಕ್ಕದ ಮನೆಯ ಧಾರವಾಡದ ಡಾಕ್ಟರಮ್ಮ, "ತೂಕ ನೋಡೂದು ಬಿಡ್ರಿ. ದಿನಾ ಅರ್ಧ ತಾಸು ನಡೀರಿ, ರಾತ್ರಿ ಪರೋಟ ಬಿಟ್ಟು ಒಂದ ರೊಟ್ಟಿ, ಪಲ್ಯ ತಿನ್ರಿ, ಸಾಕು" ಎಂದರು.

ಜುಲೈ ಬಿಸಿಲಿನಲ್ಲಿ ಹೊರಗೆ ನಡೆಯುವಂತಿರಲಿಲ್ಲ. ಹಾಗಾಗಿ ಕಟ್ಟಡದ ಬೇಸ್‌ಮೆಂಟಿನಲ್ಲಿ, ನಿಲ್ಲಿಸಿದ ಕಾರುಗಳ ನಡುವೆ ಸುತ್ತತೊಡಗಿದೆ. "ಗಾಡಿ ನಹೀ ಮಿಲಾ, ಸಾಬ್?" ಎಂದು, ನಾನು ಕಾರು ಹುಡುಕುತ್ತಿದ್ದೇನೆ ಅಂದುಕೊಂಡ ಕಾವಲುಗಾರ ಕೇಳಿದ. ಬೇಸರವಾದ ದಿನ ಹತ್ತೇ ನಿಮಿಷ ನಡೆದೆ, ಆದರೆ ಬಿಡಲಿಲ್ಲ. ಮದುವೆಯೂಟದಲ್ಲಿ ನಾಲ್ಕು ಹೋಳಿಗೆ ತಿಂದ ಮರುದಿನವೂ ಕೆಳಗಿಳಿದೆ.

ಎರಡನೇ ಚಳಿಗಾಲದ ಹೊತ್ತಿಗೆ ಇಪ್ಪತ್ತು ಕಿಲೋ ಇಳಿದಿತ್ತು. ಆಗ ಮಗಳ ಶಾಲೆಯಲ್ಲಿ ಅಪ್ಪಂದಿರ ಓಟವಿತ್ತು. ಅಲ್ಲಿಯವರೆಗೆ ಇಂಥದ್ದಕ್ಕೆಲ್ಲ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದವನು ನಾನು. ಈ ಸಲ ಹೆಸರು ಕೊಟ್ಟೆ. ಕೊನೆಯ ತಿರುವಿನಲ್ಲಿ ಮಗಳು, "ಅಪ್ಪಾ, ಯಲ್ಲಾ, ಯಲ್ಲಾ! ಡೋಂಟ್ ಸ್ಟಾಪ್!" ಎಂದು, 'ಬೇಗ, ಬೇಗ' ಎನ್ನುವ ಅರಬ್ಬಿ ಮಾತು ಬೆರೆಸಿ ಕಿರುಚಿದಳು. ಎರಡನೆಯವನಾಗಿ ಗೆರೆ ದಾಟಿದೆ. ಉಸಿರು ಇನ್ನೂ ಉಳಿದಿತ್ತು. ಅವಳನ್ನು ಹೆಗಲಿಗೇರಿಸಿಕೊಂಡು ಮೈದಾನಕ್ಕೆ ಇನ್ನೊಂದು ಸುತ್ತು ಹಾಕಿದೆ.