ಸೊಲ್ಲು ಹಿಡಿದ ಭರಮಮ್ಮ

ಎಮ್ಮಿಗನೂರಿನ ಭರಮಮ್ಮನಿಗೆ ಮೂರು ಸೇರು ಭತ್ತದ ಕೂಲಿ ಬರುವುದಿದೆ. ಸಾವಿರದ ಒಂಬೈನೂರ ಅರವತ್ತಾರನೆಯ ಇಸವಿಯ ಬಾಕಿ. ಅವಳೂ ಸತ್ತಳು, ಕೊಡಬೇಕಾದವನೂ ಸತ್ತ. ಬಾಕಿ ಸತ್ತಿಲ್ಲ.

ಭರಮಮ್ಮ ಹೆಸರಾದ ಹಾಡುಗಾತಿಯಲ್ಲ. ಅವಳ ದನಿ ಗಾಣ ತಿರುಗಿದಂತೆ ಗೊರಗೊರ. ಮದುವೆಮನೆಯಲ್ಲಿ ನಾದಿನಿ ತೊಡೆ ಚಿವುಟಿ ಬಾಯಿ ಮುಚ್ಚಿಸುತ್ತಿದ್ದಳು. ನಾಟಿಯ ಗದ್ದೆಯಲ್ಲಿ ಮಾತ್ರ ಚಿವುಟುವವರು ಇರಲಿಲ್ಲ.

ಕಂಪ್ಲಿ ಕಾಲುವೆಯ ಗದ್ದೆಯಲ್ಲಿ ನಲವತ್ತು ಹೆಂಗಸರು ಸಾಲಾಗಿ ಬಗ್ಗಿ, ಸಸಿ ಊರುತ್ತ ಹಿಂದಕ್ಕೆ ಸರಿಯುವರು. ಜಂಬಕ್ಕ ಒಂದು ನುಡಿ ಎತ್ತುವಳು. ಮೂವತ್ತೊಂಬತ್ತು ಮಂದಿ ಅದನ್ನು ತಿರುಗಿ ಹೇಳುವರು. ಇದಕ್ಕೆ ಸೊಲ್ಲು ಹಿಡಿಯುವುದು ಎನ್ನುತ್ತಾರೆ. ಅಕ್ಕಪಕ್ಕದ ಇಬ್ಬರು ಒಟ್ಟಿಗೆ ಉಸಿರು ತೆಗೆದುಕೊಳ್ಳಬಾರದು. ಎಡಗಡೆಯವಳ ಉಸಿರು ಮುಗಿಯುವಾಗ ಬಲಗಡೆಯವಳು ದನಿ ನಿಲ್ಲಿಸಬಾರದು. ಯಾರೂ ಕಲಿಸಿದ್ದಲ್ಲ. ಹಾಗಾಗಿ ಹೊತ್ತು ಏರುವವರೆಗೆ ಹಾಡು ಒಮ್ಮೆಯೂ ಕಡಿಯುತ್ತಿರಲಿಲ್ಲ. ಹದಿನಾಲ್ಕರ ಹುಡುಗಿ ಭರಮಮ್ಮ ಮೊದಲ ದಿನ ಸೊಲ್ಲು ಹಿಡಿದಾಗ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಇಡೀ ಗದ್ದೆಯೇ ತನ್ನ ಗಂಟಲಿನಿಂದ ಹಾಡುತ್ತಿದೆ ಅನ್ನಿಸಿ ಮೈ ಜುಮ್ಮೆಂದಿತು.

ಹಾಡಿದರೆ ಕೈ ಚುರುಕು. ಅದಕ್ಕೇ ಧಣಿ ಹಾಡು ಎತ್ತುವವಳಿಗೆ ದಿನಕ್ಕೊಂದು ಸೇರು ಭತ್ತ ಹೆಚ್ಚಿಗೆ ಹಾಕುತ್ತಿದ್ದ. ಸೊಲ್ಲು ಹಿಡಿದವರಿಗೆ ಏನೂ ಇಲ್ಲ.

ಬಾಕಿ ಬಿದ್ದ ವರ್ಷ ಧಣಿಗೆ ಉಜ್ಜಿನಪ್ಪ ಎಂಬ ಹೊಸ ಗುಮಾಸ್ತ ಬಂದ. ಬದುವಿನ ಮೇಲೆ ನಿಂತು ಕೇಳಿದ.

"ಅಕಿ ಹೇಳಿದ್ದನ್ನ ನೀವ್ಯಾಕ ಮತ್ತ ಹೇಳ್ತೀರಿ? ಕಿವುಡರೇನು? ಜಂಬಕ್ಕ ಒಬ್ಬಾಕಿ ಹಾಡ್ಲಿ. ಉಳಿದೋರು ಬಾಯಿ ಮುಚ್ಕೊಂಡು ಜಲ್ದಿ ನೆಡ್ರಿ."

ಜಂಬಕ್ಕ ಒಬ್ಬಳೇ ಹಾಡಿದಳು. ಅವಳು ಉಸಿರು ಎಳೆದುಕೊಂಡಾಗಲೆಲ್ಲ ಹಾಡು ನಿಂತಿತು, ಹಾಡಿನೊಂದಿಗೆ ಕೈಯೂ ನಿಂತಿತು. ಒಬ್ಬಳು ಮುಂದೆ, ಒಬ್ಬಳು ಹಿಂದೆ. ಸಾಲು ಕುರಿ ನಡೆದ ದಾರಿಯ ಹಾಗೆ ಡೊಂಕಾಯಿತು. ಮಧ್ಯಾಹ್ನಕ್ಕೆ ಜಂಬಕ್ಕನ ಗಂಟಲು ಬಿದ್ದುಹೋಯಿತು. ಅರ್ಧ ಗದ್ದೆಯೂ ಆಗಿರಲಿಲ್ಲ, ಕಿತ್ತಿಟ್ಟ ಸಸಿ ಬಿಸಿಲಿಗೆ ಬಾಡುತ್ತಿತ್ತು.

"ಹಾಡ್ರವ್ವ, ಎಲ್ಲಾರೂ ಹಾಡ್ರಿ" ಎಂದ ಉಜ್ಜಿನಪ್ಪ.

ಭರಮಮ್ಮ ಸೊಂಟ ನೆಟ್ಟಗೆ ಮಾಡಿದಳು. ಕೂಲಿ ತಪ್ಪಿದರೆ ಅವಳ ಮನೆಯಲ್ಲಿ ಒಲೆ ಹತ್ತುವಂತಿರಲಿಲ್ಲ.

"ಹಾಡಿನ ಸೇರು ಎಲ್ಲಾರಿಗೂ ಹಾಕ್ರಿ, ಉಜ್ಜಿನಪ್ಪಾರ."

"ಲೇ ಭರಮಿ, ನಿನ್ನ ದನಿಗೂ ಒಂದು ಸೇರಾ? ಕಾಗಿ ಹಾರಿ ಹೋಗ್ತಾವ!"

"ಹಂಗಾರ ಕಾಗಿ ಓಡಿಸಿದ್ದಕ್ಕ ಅರ್ಧ ಸೇರು ಜಾಸ್ತಿ ಹಾಕ್ರಿ."

ಹೆಂಗಸರು ಬಿದ್ದು ಬಿದ್ದು ನಕ್ಕರು. ಜಂಬಕ್ಕ ಒಡೆದ ಗಂಟಲಲ್ಲೇ ಹೇಳಿದಳು: "ಅಕಿ ದನಿ ತೆಳಗ ಇದ್ರ ನಾ ಮ್ಯಾಲೆ ಏರ್ತೀನಿ. ಇಷ್ಟು ವರ್ಷ ನನಗೊಬ್ಬಾಕಿಗೆ ಅಳೆದು ಎಲ್ಲಾರ ಹತ್ರ ಹಾಡಿಸಿಕೊಂಡ್ರಲ್ಲ, ಸಾಕು."

ಉಜ್ಜಿನಪ್ಪ ಬಾಡುವ ಸಸಿ ನೋಡಿದ. "ಆಯ್ತು, ಹಾಕ್ತೀನಿ" ಎಂದ.

ಎತ್ತಲು ಜಂಬಕ್ಕನಿಗೆ ದನಿಯಿಲ್ಲ. ಭರಮಮ್ಮ ತನ್ನ ಗೊರಗೊರ ದನಿಯನ್ನು ಶ್ರುತಿಯ ಹಾಗೆ ಎಲ್ಲರ ಕೆಳಗೆ ಹಾಸಿದಳು. ಬಲಗಡೆಯ ಅರ್ಧ ಸಾಲು ನುಡಿ ಎಸೆಯಿತು, ಎಡಗಡೆಯ ಅರ್ಧ ಹಿಡಿಯಿತು. ಮುಂದಾಳೇ ಇಲ್ಲದ ಹಾಡು ಅದು, ಕಾಲುವೆಯ ನೀರಿನ ಹಾಗೆ ನುಗ್ಗಿತು. ಕೈಗಳು ಒಂದೇ ಸಲ ಮುಳುಗಿ ಒಂದೇ ಸಲ ಎದ್ದವು. ಆಚೆ ಗದ್ದೆಯವರು ನೇಗಿಲು ನಿಲ್ಲಿಸಿದರು. ಬೀಡಿಗೆ ಕಡ್ಡಿ ಗೀರಿದ ಉಜ್ಜಿನಪ್ಪ ಬೆರಳು ಸುಡುವವರೆಗೂ ಬಾಯಿ ತೆರೆದು ನಿಂತಿದ್ದ. ಭರಮಮ್ಮನಿಗೆ ಹಸಿವು ನೆನಪಾಗಲಿಲ್ಲ, ಬೆನ್ನಿದೆ ಎಂಬುದೂ ಮರೆತುಹೋಯಿತು.

ಮೂರು ದಿನಕ್ಕೆ ನಾಟಿ ಮುಗಿಯಿತು. ಅಳೆಯುವಾಗ ಉಜ್ಜಿನಪ್ಪ ಜಂಬಕ್ಕನಿಗಷ್ಟೇ ಹಾಕಿದ.

"ಎಲ್ಲಾರೂ ಕೂಡಿ ಹಾಡಿದ್ರಿ. ಯಾರು ಎಷ್ಟು ಹಾಡಿದ್ರಂತ ನಾ ಹ್ಯಾಂಗ ಅಳೀಲಿ?"

ಮರುವರ್ಷ ಒಬ್ಬಳೂ ಧಣಿಯ ಗದ್ದೆಗೆ ಇಳಿಯಲಿಲ್ಲ. ಹಾಡಿನ ನಲವತ್ತು ಸೇರು ಮೊದಲೇ ಅಳೆದು ಬದುವಿನ ಮೇಲೆ ಸುರಿದ ಮೇಲೆಯೇ ಇಳಿದರು. ಹಳೆಯ ಬಾಕಿಯನ್ನು ಉಜ್ಜಿನಪ್ಪ ಕೊಡಲೇ ಇಲ್ಲ.

ಆಮೇಲೆ ಊರಿಗೆ ಹಾಡು ಬರೆದುಕೊಳ್ಳುವವರು ಬಂದರು. ಜಂಬಕ್ಕನ ಹೆಸರು ಬರೆದುಕೊಂಡರು, ಕೆಳಗೆ "ಮತ್ತು ಸಂಗಡಿಗರು" ಎಂದು ಗೀಚಿ ಹೋದರು. ಉಜ್ಜಿನಪ್ಪನ ಲೆಕ್ಕಕ್ಕೂ ಇದಕ್ಕೂ ಏನು ವ್ಯತ್ಯಾಸ? ಆ ಸಾಲಿನಲ್ಲಿ ಬಗ್ಗಿದ್ದ ನಾಲ್ಕೈದು ಮುದುಕಿಯರು ಇನ್ನೂ ಬದುಕಿದ್ದಾರೆ. ಓದುವ ನೀವು ಈ ವಾರವೇ ಎಮ್ಮಿಗನೂರಿಗೆ ಹೋಗಿ, ಭರಮಮ್ಮನದೂ ಸೇರಿ ಉಳಿದ ಮೂವತ್ತೊಂಬತ್ತು ಹೆಸರುಗಳನ್ನು ಒಂದೂ ಬಿಡದೆ ಕೇಳಿ ಬರೆಯಿರಿ.