ನಳಿನಿಯ ಮೂವತ್ತು ಸೆಕೆಂಡು

ಠಾಣೆ ಜಿಲ್ಲೆಯ ಡೊಂಬಿವಲಿ ಪೂರ್ವದಲ್ಲಿ ಕನ್ನಡದ ಮದುವೆ ಕಾರ್ಡು ಬೇಕೆಂದರೆ ನಳಿನಿಯ ಮನೆಗೇ ಹೋಗಬೇಕು. ಬೇರೆ ಯಾರೂ ಇಲ್ಲವೆಂದಲ್ಲ, ಇದ್ದಾರೆ. ಅವರ ಕೈಯಲ್ಲಿ ಮಾಡಿಸಿದವರು ಮುಂದಿನ ಸಲ ಇಲ್ಲಿಗೇ ಬರುತ್ತಾರೆ, ಅಷ್ಟೇ. ಮೈಸೂರಿನಿಂದ ಮದುವೆಯಾಗಿ ಬಂದ ನಳಿನಿ ಈ ಊರಿನಲ್ಲಿ ಮೂವತ್ತೆರಡು ವರ್ಷ ಕಳೆದಿದ್ದಾಳೆ. ಅದರಲ್ಲಿ ಇಪ್ಪತ್ತೆರಡು ವರ್ಷ ಮುಂದಿನ ಕೋಣೆಯ ಕಂಪ್ಯೂಟರಿನ ಎದುರು ಕಳೆದದ್ದು. ಕರಾವಳಿಯವರ ಯಕ್ಷಗಾನದ ಕರಪತ್ರ, ಬೆಂಗಳೂರಿನವರ ಗೃಹಪ್ರವೇಶ, ಕಲಬುರಗಿ ವಿಜಯಪುರದ ಕಡೆಯಿಂದ ದುಡಿಯಲು ಬಂದವರ ಮಕ್ಕಳ ಮದುವೆ, ಎಲ್ಲವೂ ಅವಳ ಹತ್ತು ಬೆರಳಿನ ಕೆಳಗೆ ಹಾದುಹೋಗಿವೆ.

ಹಾಗೆಂದು ಕೂತಲ್ಲಿ ಕೂರುವ ಹೆಂಗಸೇನಲ್ಲ. ಎರಡು ಸಾಲು ಟೈಪು ಮಾಡಿ ಒಲೆಯ ಮೇಲಿನ ಹಾಲು ನೋಡಿ ಬರುತ್ತಾಳೆ, ಇನ್ನೆರಡು ಸಾಲಿಗೆ ಬಾಲ್ಕನಿಗೆ ಹೋಗಿ ಬಟ್ಟೆ ತಿರುವಿ ಹಾಕುತ್ತಾಳೆ. ಗಂಡ ನಂಜುಂಡ ಕಾರ್ಖಾನೆಯ ಕೆಲಸದಿಂದ ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ ಅವಳ ಓಡಾಟ ನೋಡಿ ನೋಡಿ ಅವನಿಗೇ ಕಾಲು ನೋವು ಬಂದಿದೆಯಂತೆ.

ಅವಳನ್ನು ನಾಲ್ಕು ವರ್ಷದಿಂದ ನೆಟ್ಟಗೆ ಕೂರಲು ಬಿಡದ ವಿಷಯ ಒಂದೇ. ಅವಳ ಕಂಪ್ಯೂಟರಿನಲ್ಲಿರುವುದು ಬಹಳ ಹಳೆಯ ವಿಂಡೋಸ್. ಮಧ್ಯೆ ಒಮ್ಮೆ ಯಂತ್ರವೇ ಹೊಸದು ಬಂದರೂ, ಹಠ ಹಿಡಿದು ಅದಕ್ಕೂ ಹಳೆಯ ವಿಂಡೋಸನ್ನೇ ಹಾಕಿಸಿಕೊಂಡಿದ್ದಳು. ಅವಳ ಕನ್ನಡ ಟೈಪಿಂಗಿನ ತಂತ್ರಾಂಶ ಓಡುವುದು ಅದರಲ್ಲಿ ಮಾತ್ರ. ಹೊಸದರಲ್ಲಿ ಕೀಲಿಗಳ ಜಾಗವೇ ಬೇರೆ. ‘ಕ’ ಇರುವಲ್ಲಿ ‘ಕ’ ಇಲ್ಲ, ಒತ್ತು ಕೊಡುವ ರೀತಿ ಹಾಗಿಲ್ಲ. ಕಣ್ಣು ಮುಚ್ಚಿ ಟೈಪು ಮಾಡುವ ಬೆರಳುಗಳು ಹೊಸದರ ಮುಂದೆ ಅಕ್ಷರ ಕಲಿಯುವ ಮಗುವಿನ ಬೆರಳಾಗುತ್ತವೆ. ಆ ಬೆರಳು ಹೋದರೆ ನಾನು ಯಾರು ಎಂಬ ಭಯ ಅವಳಿಗೆ. ಅದನ್ನು ಬಾಯಿಬಿಟ್ಟು ಹೇಳುವವಳಲ್ಲ. "ಈ ಕೆಲಸ ಒಂದು ಮುಗೀಲಿ, ಆಮೇಲೆ ನೋಡೋಣ ಕಣೇ" ಎಂದು ಮಗಳಿಗೆ ಹೇಳುತ್ತಿದ್ದಳು.

ಹಳೆಯದು ಮಾತ್ರ ದಿನಕ್ಕೊಂದು ಕಡೆ ಕೈಕೊಡುತ್ತಿತ್ತು. ವಾಟ್ಸ್‌ಆಪ್ ತೆರೆಯುವುದಿಲ್ಲ. ಪ್ರೆಸ್ಸಿನವರ ಸೈಟು ‘ನಿಮ್ಮ ಬ್ರೌಸರ್ ಹಳೆಯದು’ ಎಂದು ಬಾಗಿಲು ಹಾಕಿಕೊಳ್ಳುತ್ತದೆ. ಗಿರಾಕಿಗೆ ಪ್ರೂಫ್ ತೋರಿಸಬೇಕಾದರೆ ಅವಳು ಫೋನು ಹಿಡಿದು ಪರದೆಯ ಫೋಟೊ ತೆಗೆದು ಕಳಿಸಬೇಕು. ಇಪ್ಪತ್ತೆರಡು ವರ್ಷದ ಕಡತಗಳೆಲ್ಲ ಅದರೊಳಗಿವೆ, ನಾಳೆ ವೈರಸ್ ನುಗ್ಗಿದರೆ ಎಲ್ಲಕ್ಕೂ ಎಳ್ಳು ನೀರು ಎಂದು ಮಗಳು ಹೆದರಿಸಿದ್ದೂ ಆಗಿತ್ತು.

ಬದಲಾಯಿಸಲು ಪುರುಸೊತ್ತು ಬೇಡವೇ? ಮದುವೆ ಕಾರ್ಡಿನವಳಿಗೆ ಪುರುಸೊತ್ತು ಸಿಗುವುದು ಯಾವಾಗ? ಆಷಾಢದಲ್ಲಿ, ಪಿತೃಪಕ್ಷದಲ್ಲಿ, ಧನುರ್ಮಾಸದಲ್ಲಿ. ಆಗ ಯಾರೂ ಮದುವೆ ಮಾಡುವುದಿಲ್ಲ. ಅದೇ ಕಾರಣಕ್ಕೆ ಹೊಸದನ್ನು ಶುರು ಮಾಡಲೂಬಾರದು! ಒಳ್ಳೆಯ ದಿನ ಬಂತೆಂದರೆ ಕಾರ್ಡುಗಳ ಸಾಲು ಬಾಗಿಲ ತನಕ. ಹೀಗೆ ಕೆಲಸವಿದ್ದಾಗ ಬಿಡುವಿಲ್ಲ, ಬಿಡುವಿದ್ದಾಗ ಮುಹೂರ್ತವಿಲ್ಲ. ನಾಲ್ಕು ಆಷಾಢ, ನಾಲ್ಕು ಪಿತೃಪಕ್ಷ ಈ ಲೆಕ್ಕದಲ್ಲೇ ದಾಟಿದವು. "ಪಂಚಾಂಗ ನೋಡಿ ಕಂಪ್ಯೂಟರ್ ಬದಲಾಯಿಸೋಳು ಇಡೀ ಠಾಣೆ ಜಿಲ್ಲೆಯಲ್ಲಿ ನೀನೊಬ್ಬಳೇ" ಎಂದು ನಂಜುಂಡ ನಕ್ಕ. ನಳಿನಿ ಅವನಿಗೆ ಆ ದಿನ ಎರಡನೇ ಕಾಫಿ ಕೊಡಲಿಲ್ಲ.

ಕೊನೆಗೆ ಮಗಳು ಅಪೇಕ್ಷಾ ಒಂದು ರಾಜಿ ಮಾಡಿಸಿದಳು. ಐರೋಲಿಯ ಐಟಿ ಕಂಪನಿಯಲ್ಲಿ ಕೆಲಸ ಮಾಡುತ್ತಾ ಅಲ್ಲೇ ಇರುವ ಹುಡುಗಿ, ಅಮ್ಮನ ಹಠಕ್ಕೆ ಅವಳದೇ ಹಠ ಜೋಡಿ. ದೀಪಾವಳಿ ಪಾಡ್ಯದ ಒಳ್ಳೆಯ ದಿನ ನೋಡಿ ಅದೇ ಯಂತ್ರಕ್ಕೆ ಇನ್ನೊಂದು ಡಿಸ್ಕು ಹಾಕಿ, ಅದರಲ್ಲಿ ಹೊಸ ವಿಂಡೋಸ್ ಕೂರಿಸಿದಳು. ಹಳೆಯದೂ ಇರುತ್ತದೆ, ಹೊಸದೂ ಇರುತ್ತದೆ. ಬೆಳಗ್ಗೆ ಗುಂಡಿ ಒತ್ತಿದರೆ ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡಿ, ಯಾವುದು ಬೇಕು ಎಂದು ಕೇಳುತ್ತದೆ. ಮೂವತ್ತು ಸೆಕೆಂಡು ಸುಮ್ಮನಿದ್ದರೆ ಹೊಸದು ತಾನಾಗಿ ತೆರೆದುಕೊಳ್ಳುತ್ತದೆ.

"ಅಮ್ಮಾ, ಅರಾಮ್ ಸೇ ಅಭ್ಯಾಸ ಮಾಡ್ಕೋ. ಪಕ್ಕಾ ಆದ್ಮೇಲೆ ಜುನಾ, ಆ ಹಳೇದನ್ನ, ತೆಗೆದುಹಾಕೋಣ" ಎಂದಳು ಅಪೇಕ್ಷಾ. ಕನ್ನಡ ಶುರು ಮಾಡಿ ಹಿಂದಿ, ಮರಾಠಿಯಲ್ಲಿ ಇಳಿಯುವುದು ಅವಳ ಅಭ್ಯಾಸ.

ನಳಿನಿ ಪರದೆಗೆ ಅರಿಸಿನ ಕುಂಕುಮ ಇಟ್ಟಳು. ಮರುದಿನ ಬೆಳಗ್ಗೆ ಗುಂಡಿ ಒತ್ತಿ, ಮೂವತ್ತು ಇಪ್ಪತ್ತೊಂಬತ್ತಾಗುವ ಮೊದಲೇ ಹಳೆಯದನ್ನು ಆರಿಸಿದಳು. ಅದರ ಮರುದಿನವೂ ಅಷ್ಟೇ. ಹೊಸದಕ್ಕೆ ಹೋಗುತ್ತಿದ್ದದ್ದು ಕೆಲಸದ ಕೊನೆಯಲ್ಲಿ, ಹಳೆಯದರಲ್ಲಿ ಮಾಡಿದ ಕಡತವನ್ನು ಈ ಕಡೆ ನಕಲು ಮಾಡಿ ಪ್ರೆಸ್ಸಿಗೆ ಕಳಿಸಲು ಮಾತ್ರ. ನಕಲು ಮಾಡುವಾಗ ಒಮ್ಮೊಮ್ಮೆ ಯಂತ್ರ ಕೇಳುತ್ತಿತ್ತು: ‘ಇದೇ ಹೆಸರಿನ ಕಡತ ಇಲ್ಲಿ ಆಗಲೇ ಇದೆ. ಹಳೆಯದನ್ನು ಅಳಿಸಿ ಇದನ್ನು ಇಡಲೇ, ಅಥವಾ ಬಿಡಲೇ?’ ಅಳಿಸುವುದು ಎಂಬ ಮಾತು ಕಂಡರೆ ಅವಳ ಎದೆ ಝಲ್ಲೆನ್ನುತ್ತಿತ್ತು. ಯಾವಾಗಲೂ ‘ಬಿಡು’ ಎಂದೇ ಒತ್ತುತ್ತಿದ್ದಳು. ಎರಡು ದೋಣಿಯಲ್ಲಿ ಕಾಲಿಟ್ಟವರ ಗತಿ ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಗೊತ್ತಿದ್ದೂ ಇಟ್ಟಿದ್ದಳು.

ಧನುರ್ಮಾಸದ ಒಂದು ಸೋಮವಾರ ಪನವೇಲದ ಹತ್ತಿರದ ಕಾಮೋಠೆಯಿಂದ ಮಾಪಣ್ಣನ ಫೋನು ಬಂತು. ಕಟ್ಟಡದ ಕೆಲಸಕ್ಕೆ ಕಲಬುರಗಿ ಕಡೆಯಿಂದ ಬಂದು, ಈಗ ಇಪ್ಪತ್ತು ಮೂವತ್ತು ಆಳುಗಳನ್ನು ನೋಡಿಕೊಳ್ಳುವ ಮುಕಾದಮನಾದ ಮನುಷ್ಯ. ನಾಲ್ಕು ವರ್ಷದ ಹಿಂದೆ ಅವನ ಹಿರಿಯ ಮಗಳ ಮದುವೆಯ ಕಾರ್ಡನ್ನು ನಳಿನಿಯೇ ಮಾಡಿದ್ದಳು.

"ಅಕ್ಕಾರ, ಸಂಕ್ರಾಂತಿ ಆದಮ್ಯಾಗ ಸಣ್ಣಾಕಿ ನಾಗವೇಣಿದು ಮದುವಿ ಐತ್ರಿ. ದೊಡ್ಡಾಕಿಗಿ ಮಾಡಿದ್ರಲ್ಲ, ಹಂಗ ಮಾಡ್ರಿ. ಹೆಸರಷ್ಟ ಬದಲ್ ಮಾಡ್ರಿ" ಎಂದ.

ಎಲ್ಲರೂ ಹೇಳುವ ಮಾತು ಇದೇ. ಹಳೆಯ ಕಡತ ತೆರೆದು ವಧು, ವರ, ದಿನ, ಜಾಗ ಬದಲಾಯಿಸಿದರೆ ಕೆಲಸ ಮುಗಿಯಿತು. ಸೋಮವಾರವೇ ಅಷ್ಟು ಮಾಡಿ, ಹೊಸದರ ಕಡೆಗೂ ಒಂದು ನಕಲು ಹಾಕಿ, ಫೋಟೊ ಕಳಿಸಿದಳು. ಮಂಗಳವಾರ ಮಾಪಣ್ಣ ಮತ್ತೆ ಫೋನು ಮಾಡಿದ. ಕಾರ್ಡಿನ ಕೊನೆಯಲ್ಲಿ ‘ತಮ್ಮ ಸುಖಾಗಮನ ಬಯಸುವವರು’ ಎಂಬ ಸಾಲಿನ ಕೆಳಗೆ ಮೊದಲ ಹೆಸರು ಅವನ ತಾಯಿ ಸಾಬವ್ವನದು.

"ಅವ್ವ ತೀರಿಕೊಂಡು ಎರಡು ವರ್ಸ ಆತ್ರಿ. ಮ್ಯಾಲ ಆಸೀರ್ವಾದದಾಗ ಹಾಕ್ರಿ" ಎಂದ. ದನಿ ತಗ್ಗಿತ್ತು.

ನಳಿನಿ ಹಳೆಯದರಲ್ಲಿ ಕೂತು ಸಾಬವ್ವನನ್ನು ಕೆಳಗಿನಿಂದ ತೆಗೆದು, ಮೇಲೆ ‘ದಿವಂಗತ ಸಾಬವ್ವನವರ ಆಶೀರ್ವಾದದೊಂದಿಗೆ’ ಎಂದು ಸೇರಿಸಿದಳು. ಫೋಟೊ ನೋಡಿ ಮಾಪಣ್ಣ ಒಪ್ಪಿದ. ಬುಧವಾರ ಕಡತವನ್ನು ಹೊಸದಕ್ಕೆ ನಕಲು ಮಾಡಿ, ವಧುವಿನ ಹೆಸರು, ತಾರೀಖು, ಮಂಟಪದ ವಿಳಾಸ ಮೂರನ್ನೂ ಎರಡೆರಡು ಸಲ ನೋಡಿ, ಕಲ್ಯಾಣದ ಪ್ರೆಸ್ಸಿನ ವಸಂತಕುಮಾರನಿಗೆ ಕಳಿಸಿದಳು. ಗುರುವಾರ ಕಾರ್ಡುಗಳ ಕಟ್ಟು ನೇರವಾಗಿ ಕಾಮೋಠೆಗೆ ಹೋಯಿತು.

ಶುಕ್ರವಾರ ಬೆಳಗ್ಗೆ ವಾಡಿಕೆಯಂತೆ ಐದು ಕಾರ್ಡು ಅವಳ ಮನೆಗೆ ಬಂದವು. ಕಾಫಿ ಕುಡಿಯುತ್ತಾ ಒಂದನ್ನು ಬಿಡಿಸಿ ಕೊನೆಯ ಸಾಲಿಗೆ ಬಂದಳು. ‘ತಮ್ಮ ಸುಖಾಗಮನ ಬಯಸುವವರು: ಶ್ರೀಮತಿ ಸಾಬವ್ವ.’

ಲೋಟ ಕೆಳಗಿಟ್ಟಳು. ಬುಧವಾರ ನಕಲು ಮಾಡುವಾಗ ಯಂತ್ರ ಕೇಳಿತ್ತು. ಅವಳು ‘ಬಿಡು’ ಎಂದಿದ್ದಳು. ಸೋಮವಾರದ ಕಡತ ಅಲ್ಲೇ ಉಳಿದು ಪ್ರೆಸ್ಸಿಗೆ ಹೋಗಿತ್ತು.

ಅರ್ಧ ಗಂಟೆ ಅವಳು ಕೋಣೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಹೆಜ್ಜೆ ಹಾಕಿದಳು. ಮಾಪಣ್ಣನಿಗೆ ಇನ್ನೂ ಗೊತ್ತಿಲ್ಲ, ಗೊತ್ತಾಗಿದ್ದರೆ ಫೋನು ಬರುತ್ತಿತ್ತು. ಅವನ ಮಕ್ಕಳು ಇಲ್ಲೇ ಹುಟ್ಟಿ ಮರಾಠಿ ಶಾಲೆಯಲ್ಲಿ ಓದಿದವರು, ಕನ್ನಡ ಓದಲು ಬಾರದು. ಯಾರೂ ನೋಡದೆಯೇ ಮದುವೆ ಮುಗಿದುಹೋಗಬಹುದು. ಈ ಯೋಚನೆ ತನ್ನ ತಲೆಯಲ್ಲಿ ಬಂತಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

"ಫೋನಲ್ಲಿ ಹೇಳಿಬಿಡು" ಎಂದ ನಂಜುಂಡ.

"ಇಂಥದ್ದನ್ನ ಫೋನಲ್ಲಿ ಹೇಳ್ತಾರೇನ್ರೀ?" ಎಂದು ಚಪ್ಪಲಿ ಮೆಟ್ಟಿದಳು.

ಡೊಂಬಿವಲಿಯಿಂದ ಠಾಣೆ, ಅಲ್ಲಿಂದ ಪನವೇಲದ ಗಾಡಿ. ಕೂರಲು ಜಾಗ ಸಿಕ್ಕರೂ ಅವಳು ಬಾಗಿಲ ಹತ್ತಿರವೇ ನಿಂತಳು. ಬೇಲಾಪುರದಲ್ಲಿ ಆಫೀಸಿನ ಜನ ಇಳಿದು ಬೋಗಿ ಖಾಲಿಯಾಯಿತು. ಹೇಗೆ ಶುರು ಮಾಡಲಿ ಎಂದು ತಾನು ಇಳಿಯುವ ಮಾನಸರೋವರ ಸ್ಟೇಷನ್ನಿನ ತನಕ ಮಾತು ಜೋಡಿಸಿದಳು. ಜೋಡಿಸಿದ್ದೆಲ್ಲ ಮಾಪಣ್ಣನ ಬಾಗಿಲಲ್ಲಿ ಮರೆತುಹೋಯಿತು.

ಮನೆಯಲ್ಲಿ ಕಾರ್ಡುಗಳ ಮೂಲೆಗೆ ಅರಿಸಿನ ಹಚ್ಚುವುದು ನಡೆದಿತ್ತು. ಮೊದಲ ಕಾರ್ಡನ್ನು ದೇವರ ಮುಂದೆ ಇಟ್ಟಿದ್ದರು. ಎರಡನೆಯದನ್ನು ಗೋಡೆಯ ಗೂಡಿನಲ್ಲಿ, ಹಾರ ಹಾಕಿದ ಸಾಬವ್ವನ ಫೋಟೊದ ಕೆಳಗೆ ಇಟ್ಟಿದ್ದರು. ಸತ್ತವಳ ಮುಂದೆ ಸತ್ತವಳೇ ಕರೆಯುವ ಕಾರ್ಡು.

"ಮಾಪಣ್ಣೋರೇ, ನನ್ನಿಂದ ತಪ್ಪಾಗಿದೆ" ಎಂದು ಗೂಡಿನಲ್ಲಿದ್ದ ಕಾರ್ಡು ತೆಗೆದು, ಕೊನೆಯ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.

ಮಾಪಣ್ಣ ಅಕ್ಷರ ಕೂಡಿಸಿ ಕೂಡಿಸಿ ಓದಿದ. ಅರಿಸಿನ ಹಚ್ಚುತ್ತಿದ್ದ ನಾಗವೇಣಿಯ ಕೈ ನಿಂತಿತು.

"ಅಕ್ಕಾರ, ಅವ್ವ ಸತ್ತಾಗ ಇಲ್ಲಿ ಸ್ಲ್ಯಾಬ್ ಹಾಕೋದು ನಡದಿತ್ರಿ. ನಾ ಊರು ಮುಟ್ಟೂದ್ರಾಗ ಮೂರು ದಿನ ಆಗಿತ್ತು. ಮಣ್ಣಿಗೂ ಬರಲಿಲ್ಲ ಅಂತ ಊರಾಗ ಇವತ್ತಿಗೂ ಆಡತಾರ. ಈಗ ಈ ಕಾರ್ಡ್ ಹೋದ್ರ, ಅವ್ವ ಸತ್ತಿದ್ದೂ ಮರತಾನ ಅಂತಾರ್ರಿ" ಎಂದ. ಅವನು ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಅವನ ಕಣ್ಣು ತುಂಬಿತ್ತು.

"ಊರಿಗೆ ಕಾರ್ಡು ಹೋಗೋದು ಯಾವಾಗ?" ಎಂದಳು ನಳಿನಿ.

"ಇವತ್ತ ರಾತ್ರಿ ಎಂಟಕ್ಕ. ದೊಡ್ಡ ಅಳಿಯ ಅಂಬರೀಶ ಕಲ್ಯಾಣದಾಗ ಗಾಡಿ ಹತ್ತತಾನ, ಊರಿಂದು ಇನ್ನೂರು ಕಾರ್ಡ್ ಅವನ ಕೈಯಾಗ."

ಆಗ ಹನ್ನೆರಡೂವರೆ. "ಇವು ಒಂದೂ ಹೊರಗೆ ಹೋಗಬಾರದು. ಎಂಟರೊಳಗೆ ಬೇರೆ ಕಾರ್ಡು ನಾನೇ ಸ್ಟೇಷನ್ನಿಗೆ ತರ್ತೀನಿ" ಎಂದು ಎದ್ದಳು. ವಾಪಸು ಬರುವ ಗಾಡಿಯಿಂದಲೇ ವಸಂತಕುಮಾರನಿಗೆ ಫೋನು ಮಾಡಿದಳು. ಮೂರೂವರೆಯೊಳಗೆ ಕಡತ ಸೈಟಿಗೆ ಏರಿದರೆ ಏಳಕ್ಕೆ ಇನ್ನೂರು ಕೊಡುತ್ತೇನೆ, ಒಂದು ನಿಮಿಷ ತಡವಾದರೂ ಯಂತ್ರ ಬೇರೆಯವರದು ಎಂದ.

ಮನೆ ಸೇರಿದಾಗ ಮೂರು ಗಂಟೆ. ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಎರಡು ಸಾಲು ಮೂಡಿದವು. ಅಭ್ಯಾಸ ಬಲದಿಂದ ಬೆರಳು ಹಳೆಯದರ ಕಡೆ ಹೊರಟಿತು, ಅವಳೇ ಎಡಗೈಯಿಂದ ಆ ಬೆರಳನ್ನು ಹಿಡಿದುಕೊಂಡಳು. ಮೂವತ್ತು ಸೆಕೆಂಡು ಕಳೆದು ಹೊಸದು ತೆರೆಯಿತು. ಮಂಗಳವಾರದ ಸರಿಯಾದ ಕಡತವನ್ನು ಹಳೆಯ ಡಿಸ್ಕಿನಿಂದ ಎಳೆದು ತಂದಳು. ಯಂತ್ರ ಕೇಳಿತು: ‘ಹಳೆಯದನ್ನು ಅಳಿಸಿ ಇದನ್ನು ಇಡಲೇ?’

‘ಇಡು’ ಎಂದು ಒತ್ತಿದಳು. ಕಡತ ತೆರೆದು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಗಟ್ಟಿಯಾಗಿ ಓದಿದಳು. ನಂಜುಂಡ ಎದುರು ಕೂತು ಕೇಳಿದ. ಸಾಬವ್ವ ಮೇಲಿದ್ದಳು, ಕೆಳಗಿರಲಿಲ್ಲ. ಮೂರೂವರೆಗೆ ಮೊದಲೇ ಕಡತವನ್ನು ಸೈಟಿಗೆ ಏರಿಸಿದಳು.

ಏಳೂಮುಕ್ಕಾಲಿಗೆ ಕಲ್ಯಾಣದ ಪ್ಲಾಟ್‌ಫಾರ್ಮಿನಲ್ಲಿ ಮಾಪಣ್ಣ ಅವಳು ಪ್ರೆಸ್ಸಿನಿಂದ ತಂದ ಕಟ್ಟನ್ನು ಬಿಚ್ಚಿ, ಒಂದು ಕಾರ್ಡನ್ನು ದೀಪದ ಕೆಳಗೆ ಹಿಡಿದು ಓದಿದ. ಅಂಬರೀಶನಿಗೆ ಕೊಟ್ಟು ಗಾಡಿ ಹತ್ತಿಸಿದ. ನಳಿನಿ ಇನ್ನೊಮ್ಮೆ ಕ್ಷಮೆ ಕೇಳಲು ಬಾಯಿ ತೆರೆದಳು.

"ಇರಲಿ ಬಿಡ್ರಿ ಅಕ್ಕಾರ. ಆದ್ರ ಒಂದು ಮಾತು. ಆ ಹಳೇದನ್ನ ಅಳಿಸಿಬಿಡ್ರಿ. ಬರೂ ವರ್ಸ ಮಗಂದು ಮದುವಿ ಐತಿ. ಅವಾಗ ಅವ್ವ ಮತ್ತ ಬಂದು ಕರೀಬಾರದು" ಎಂದ.

ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಅವಳು ಅಪೇಕ್ಷಾಗೆ ಫೋನು ಮಾಡಿದಳು. "ನಾಳೆ ಬಾರೇ. ಇಪ್ಪತ್ತೆರಡು ವರ್ಷದ್ದನ್ನೆಲ್ಲ ಹೊಸದಕ್ಕೆ ಸಾಗಿಸಿ ಹಳೇ ವಿಂಡೋಸ್ ತೆಗೆದುಬಿಡು."

"ನಕ್ಕಿ ನಾ, ಅಮ್ಮಾ? ಖಂಡಿತಾನಾ? ಧನುರ್ಮಾಸ ಇದೆಯಲ್ಲಾ" ಎಂದಳು ಮಗಳು. ನಗುತ್ತಿದ್ದಳೋ ಏನೋ.

"ಇರಲಿ" ಎಂದಳು ನಳಿನಿ.

ಶನಿವಾರ ಸಂಜೆಗೆ ಆ ಎರಡು ಸಾಲಿನ ಕಪ್ಪು ಪರದೆಯೇ ಇಲ್ಲವಾಯಿತು. ಭಾನುವಾರ ಬೆಳಗ್ಗೆ ನಳಿನಿ ಮಾಪಣ್ಣನ ಕಡತಗಳನ್ನು ಹುಡುಕಿ, ಹಿರಿಯ ಮಗಳದ್ದನ್ನೂ ಸೇರಿಸಿ, ಸಾಬವ್ವ ಬದುಕಿದ್ದ ಪ್ರತಿಯೊಂದನ್ನೂ ಅಳಿಸಿದಳು. ಆಮೇಲೆ ಹೊಸ ಕೀಲಿಮಣೆಯಲ್ಲಿ ‘ಕ’ ಎಲ್ಲಿದೆ ಎಂದು ಒಂದೇ ಬೆರಳಿನಿಂದ ಹುಡುಕುತ್ತಾ ಕೂತಳು. ಅಡುಗೆಮನೆಯಲ್ಲಿ ಹಾಲು ಉಕ್ಕಿತು. ಅವಳು ಏಳಲಿಲ್ಲ.