ಉಸ್ಸಪ್ಪಾ ಎಂದು ಕೂರುವ ಕಲ್ಲು

ಐವತ್ತು ದಾಟಿದ ಮೇಲೆ ಮನುಷ್ಯಮಾತ್ರರು ಸದ್ದಿಲ್ಲದೆ ಕೂರಲಾರರು ಎಂಬುದು ನನ್ನ ಖಚಿತ ಅಭಿಪ್ರಾಯ. ಕುರ್ಚಿಯೇ ಇರಲಿ, ಚಾಪೆಯೇ ಇರಲಿ, ದೇಹವು ಪೀಠವನ್ನು ಸ್ಪರ್ಶಿಸುವ ಆ ಶುಭಮುಹೂರ್ತದಲ್ಲಿ ‘ಉಸ್ಸಪ್ಪಾ’ ಎಂಬ ಉದ್ಗಾರ ನಮ್ಮ ಅಪ್ಪಣೆಯನ್ನೂ ಕೇಳದೆ ಹೊರಬೀಳುತ್ತದೆ. ಮನೆಯಲ್ಲಾದರೆ ಅದಕ್ಕೆ ಯಾರೂ ಕಿವಿಗೊಡುವುದಿಲ್ಲ. ನನ್ನದು ಹೊರಬಿದ್ದದ್ದು ಕೊಪ್ಪಳದ ಕಾಲೇಜೊಂದರ ತರಗತಿಯಲ್ಲಿ, ಅದೂ ಮೊದಲ ದಿನ, ನನ್ನ ಮಗಳಿಗಿಂತ ಚಿಕ್ಕವರಾದ ಸಹಪಾಠಿಗಳ ನಡುವೆ. ಇಡೀ ತರಗತಿ ತಿರುಗಿ ನೋಡಿತು. ಅಂದಿನಿಂದ ಆ ಉದ್ಗಾರವನ್ನು ಗಂಟಲಲ್ಲೇ ನುಂಗುವ ಯೋಗಾಭ್ಯಾಸ ಶುರುಮಾಡಿದೆ.

ನಾನು ಸೇರಿದ್ದು ಹಿರಿಯರ ಆರೋಗ್ಯ, ಹಿರಿಯರಿಗೆ ಹೊಂದುವ ಊರು ಕೇರಿ ಹೇಗಿರಬೇಕು ಎಂಬುದನ್ನೆಲ್ಲ ಕಲಿಸುವ ಒಂದು ಡಿಪ್ಲೊಮಾಕ್ಕೆ. ಭಾಗ್ಯನಗರದ ನಮ್ಮ ಮನೆಯಲ್ಲಿ ಇದು ನಮ್ಮ ಅತ್ತೆಗೆ ಸುತರಾಂ ಹಿಡಿಸಲಿಲ್ಲ. ಎಂಬತ್ತು ದಾಟಿದರೂ ಇಳಕಲ್ ಸೀರೆಯ ಸೆರಗು ತಲೆಯಿಂದ ಜಾರಗೊಡದ ಠೀವಿಯ ಹೆಂಗಸು ಅವರು. ಮೊಮ್ಮಕ್ಕಳನ್ನು ಕಾಣುವ ವಯಸ್ಸಿನಲ್ಲಿ ಸೊಸೆ ಚೀಲ ನೇತುಹಾಕಿಕೊಂಡು ಪಾಠಕ್ಕೆ ಹೋಗುವುದೆಂದರೆ ಮರ್ಯಾದೆಯ ಪ್ರಶ್ನೆ. ಓಣಿಯವರು ಕೇಳಿದರೆ, “ಏನೋ ಬ್ಯಾಂಕಿನ ಕೆಲಸ ಐತಂತ” ಎಂದು ಹಾರಿಸಿಬಿಡುತ್ತಿದ್ದರು. ದಿನಾ ಬ್ಯಾಂಕಿಗೆ ಓಡಾಡುವ ಈ ಮನೆಯವರ ಸಿರಿವಂತಿಕೆ ಕಂಡು ಓಣಿ ಬೆರಗಾಗಿರಬೇಕು.

ಅತ್ತೆಗೊಬ್ಬ ಗೆಳತಿ, ನೀಲವ್ವ. ಇಬ್ಬರೂ ಮರಳಿ ಎಂಬ ಊರಿನ ಗದ್ದೆಗಳ ಬದುವಿನ ಮೇಲೆ ಓಡಾಡಿ ಬೆಳೆದವರು, ಭಾಗ್ಯನಗರಕ್ಕೇ ಸೊಸೆಯಂದಿರಾಗಿ ಬಂದವರು. ನಡುವೆ ಇರುವುದು ಎರಡೇ ಓಣಿ. ಸಂಜೆಯಾದರೆ ಅತ್ತೆ ನಡೆದುಕೊಂಡು ಅಲ್ಲಿಗೆ ಹೋಗುವುದು ರೂಢಿ. ದಾರಿಯಲ್ಲಿ ಮೊಣಕಾಲು ತಕರಾರು ಮಾಡಿದರೆ ಯಾರದಾದರೂ ಮನೆಯ ಮುಂದಿನ ಕಟ್ಟೆಯ ಮೇಲೆ ಕೂರುವುದು, ಆ ಮನೆಯವರು ಚಹಾಕ್ಕೆ ಕರೆಯುವುದು ನಮ್ಮ ಕಡೆಯ ಪದ್ಧತಿ. ರಸ್ತೆ ಅಗಲವಾಯಿತು, ಚರಂಡಿ ಬಂತು, ಕಟ್ಟೆಗಳು ಹೋದವು. ಕಟ್ಟೆಗಳ ಜೊತೆಗೆ ಅತ್ತೆಯ ನಡಿಗೆಯೂ ನಿಂತಿತು.

“ಬೈಕ್ ಮ್ಯಾಲ ಬಿಟ್ಟ ಬರ್ತೀನಿ ಬಾ ಯವ್ವಾ” ಎಂದು ನನ್ನ ಗಂಡ ಗೋಗರೆದರು.

“ನಾ ಏನ್ ಜೋಳದ ಚೀಲ ಏನೋ, ಹೇರಿಕೊಂಡ ಹೋಗಿ ಇಳಸಾಕ? ನೀ ಹಾರ್ನ್ ಹೊಡದಾಗ ನಾ ಎದ್ದ ಬರಬೇಕೇನು?” ಎಂದು ಅತ್ತೆ ಬಾಗಿಲು ಮುಚ್ಚಿದರು.

ಮೊಣಕಾಲಿನ ವಿಷಯದಲ್ಲಿ ನೀಲವ್ವನೂ ಹಿಂದೆ ಬಿದ್ದವಳಲ್ಲ. ಹೀಗಾಗಿ ಗೆಳತಿಯರ ಸಮಾಗಮ ಮೊಬೈಲಿಗೆ ಬಂದು ನಿಂತಿತು. ಇಬ್ಬರೂ ಮಾತಾಡುವ ದನಿಗೆ ಮೊಬೈಲಿನ ಅಗತ್ಯವೇ ಇರಲಿಲ್ಲ ಎನ್ನುವುದು ಬೇರೆ ಮಾತು. ಒಂದು ಸಂಜೆ ಫೋನ್ ಕೆಳಗಿಟ್ಟ ಅತ್ತೆ, “ಇನ್ನ ನೀಲವ್ವನ ಮಾರಿ ನೋಡೂದು ಆಗಾಂಗಿಲ್ಲ ಬಿಡು” ಎಂದರು. ಅವರ ಬಾಯಲ್ಲಿ ಅಂಥ ಸೋತ ಮಾತು ನಾನು ಕೇಳಿರಲೇ ಇಲ್ಲ.

ಅದೇ ವಾರ ನಮ್ಮ ಮೇಷ್ಟ್ರು, ಓದಿದ್ದು ಸಾಕು, ನಿಮ್ಮ ನಿಮ್ಮ ಓಣಿಯಲ್ಲಿ ಹಿರಿಯರಿಗೆ ಉಪಯೋಗವಾಗುವಂಥದ್ದೇನಾದರೂ ಮಾಡಿ ತೋರಿಸಿ ಎಂದರು. ನಾನು ಎದ್ದು ನಿಂತು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟೆ. ಪರಿಚಯದ ಕಲ್ಲಿನ ವ್ಯಾಪಾರಿಯೊಬ್ಬರನ್ನು ಕಾಡಿ, ಕುಷ್ಟಗಿ ಕಡೆಯ ಕೆಂಪು ಕಲ್ಲಿನ ಉಳಿಕೆ ಚಪ್ಪಡಿಯೊಂದನ್ನು ಸಂಪಾದಿಸಿದೆ. ಅತ್ತೆ ಸಲೀಸಾಗಿ ಕೂತು ಏಳುವ ಮಂಚದ ಎತ್ತರವನ್ನೇ ಲೆಕ್ಕಕ್ಕೆ ಹಿಡಿದು, ಓಣಿಯವರನ್ನೆಲ್ಲ ಒಪ್ಪಿಸಿ, ನೀಲವ್ವನ ಮನೆಗೆ ಹೋಗುವ ಅರ್ಧ ದಾರಿಯಲ್ಲಿ, ಶಾಂತಮ್ಮನ ಮನೆಯೆದುರಿನ ಬೇವಿನ ನೆರಳಿಗೆ ಕೂರಿಸಿದ್ದಾಯಿತು. ವಿದ್ಯಾವಂತೆಯಲ್ಲವೇ ನಾನು! ಪೇಂಟರನ್ನು ಕರೆಸಿ, ದಪ್ಪಕ್ಷರಗಳಲ್ಲಿ ‘ಹಿರಿಯ ನಾಗರಿಕರಿಗೆ ಮಾತ್ರ’ ಎಂದೂ ಬರೆಸಿದೆ.

ಒಬ್ಬರಾದರೂ ಕೂರಬೇಕಲ್ಲ! ಕೋಲೂರಿಕೊಂಡು ಬಂದ ಬಸಪ್ಪಜ್ಜ ಕಲ್ಲಿನ ಪಕ್ಕದಲ್ಲೇ, ಬೇವಿನ ಮರಕ್ಕೆ ಒರಗಿ ನಿಂತು ದಣಿವಾರಿಸಿಕೊಂಡರು. “ಕುಂದರ್ರಲ್ಲ ಅಜ್ಜಾರ” ಎಂದರೆ, “ಇರ್ಲಿ ಬಿಡವ್ವಾ, ಅದು ವಯಸ್ಸಾದವರಿಗಂತ ಬರದಾರ” ಎಂದರು. ಅತ್ತೆಯಂತೂ ಕೆಂಡಾಮಂಡಲ. “ನನ್ನ ಮುದುಕಿ ಅಂತ ಊರಿಗೆಲ್ಲ ಡಂಗುರ ಹೊಡಸಾಕ ಕಲ್ಲ ಹಾಕಿಸೀ ಏನ?”

ಇವರಿಗೆಲ್ಲ ಏನು ಜಂಬ ಎಂದು ನಾನೂ ಗೊಣಗಿದ್ದುಂಟು. ಆಮೇಲೊಂದು ದಿನ ಎರಡೂ ಕೈಯಲ್ಲಿ ಸಂತೆಯ ಚೀಲ ಹಿಡಿದು ಬರುತ್ತಿದ್ದೆ. ಬಿಸಿಲು, ಬೆವರು, ಸೊಂಟನೋವು. ಎದುರಿಗೆ ನನ್ನದೇ ಕಲ್ಲು, ನನ್ನದೇ ನೆರಳು. ಚೀಲ ಇಳಿಸಬೇಕು ಎನ್ನುವಷ್ಟರಲ್ಲಿ ಆ ಅಕ್ಷರಗಳು ಕಣ್ಣಿಗೆ ಬಿದ್ದವು. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ನೋಡಿ, ಸೆರಗು ಸರಿಮಾಡಿಕೊಂಡು, ಹರೆಯದ ಹುಡುಗಿಯ ಬಿರುಸಿನಲ್ಲಿ ಮನೆಗೆ ಹೊರಟುಬಿಟ್ಟೆ. ಹೊಸ್ತಿಲ ಬಳಿ ಏದುಸಿರು ಬಿಡುತ್ತ ನಿಂತಾಗ ನನಗೇ ನಗು ತಡೆಯಲಾಗಲಿಲ್ಲ.

ಮರುದಿನವೇ ಅಕ್ಷರಗಳನ್ನು ಉಜ್ಜಿ ಅಳಿಸಿಹಾಕಿಸಿದೆ. ಅದರ ಮರುಬೆಳಿಗ್ಗೆ ನೋಡುತ್ತೇನೆ, ಶಾಂತಮ್ಮ ತನ್ನ ಅಂಗಳದ ಜೊತೆಗೆ ಕಲ್ಲಿನ ಸುತ್ತಲೂ ಕಸ ಹೊಡೆದು, ನೀರು ಚಿಮುಕಿಸಿ, ಅದರ ಮುಂದೊಂದು ರಂಗೋಲಿಯೆಳೆ ಬಿಟ್ಟಿದ್ದಾಳೆ. “ಬರದಿತ್ತಲ್ರೀ ಅಕ್ಕಾರ, ಸರಕಾರದ್ದು ಅಂತ ಬಿಟ್ಟಿದ್ದೆ. ಈಗ ನಮ್ಮ ಮನಿ ಕಟ್ಟೀನ ಆತು” ಎಂದಳು. ಯಾರದೂ ಅಲ್ಲದ ಕಲ್ಲಿನ ಮೇಲೆ ನಮ್ಮವರು ಕೂರುವುದಿಲ್ಲ. ಒಂದು ಮನೆಯದಾದರೆ ಅದು ಎಲ್ಲರದೂ ಆಗುತ್ತದೆ. ಈ ಮಾತು ನನ್ನ ಪಠ್ಯದಲ್ಲಿರಲಿಲ್ಲ.

ಆ ಸಂಜೆ ಅತ್ತೆ ಗಂಟಿನೊಳಗಿನ ಹೊಸ ಸೀರೆ ತೆಗೆದು ಉಟ್ಟರು. ಕೊತ್ತಂಬರಿ ತರುವ ನೆಪದಲ್ಲಿ ಹಿಂದೆಯೇ ಹೊರಟೆ. ಅರ್ಧ ದಾರಿಗೆ ಅವರ ಹೆಜ್ಜೆ ತಡವರಿಸಿತು.

“ಬರ್ರಿ ಯವ್ವಾ, ಕುಂದರ್ರಿ, ಚಾ ಇಟ್ಟೀನಿ” ಎಂದು ಶಾಂತಮ್ಮ ಬಾಗಿಲಿಂದ ಕೂಗಿದಳು.

ಅತ್ತೆ ಕೂತರು. “ಉಸ್ಸಪ್ಪಾ!” ಎಂದದ್ದು ಇಡೀ ಓಣಿಗೆ ಕೇಳಿಸಿತು. ಚಹಾ ಮುಗಿಸಿ, ಎದ್ದು, ಉಳಿದ ದಾರಿಯನ್ನೂ ನಡೆದರು. ನಾನು ನೀಲವ್ವನ ಓಣಿಯ ಮೂಲೆಯಲ್ಲೇ ನಿಂತೆ.

“ಯವ್ವಾ! ನಡಕೊಂಡ ಬಂದೀ ಏನ?” ನೀಲವ್ವನ ಕೂಗು.

“ಮತ್ತ? ಹಾರಿ ಬಂದೀನೇನು?”

ಕೊತ್ತಂಬರಿ ಕಟ್ಟು ಹಿಡಿದು ಬೀದಿಯಲ್ಲಿ ಅಳುವ ಹೆಂಗಸನ್ನು ಜನ ಏನೆಂದುಕೊಂಡರೋ ಕಾಣೆ. ನನಗಂತೂ ಖುಷಿ ತಡೆಯಲಾಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿ ಗಂಡ ತಾಯಿಯನ್ನು ಕರೆತರಲೆಂದು ಬೈಕಿನ ಕೀಲಿಗೆ ಕೈಹಾಕಿದರು. “ಸುಮ್ನಿರ್ರಿ, ಅವರಿಗೆ ಯಾವಾಗ ಬೇಕೋ ಆವಾಗ ಬರ್ತಾರ” ಎಂದು ಕೀಲಿ ಕಿತ್ತುಕೊಂಡು ನಾನೇ ಬೇವಿನ ಮರದತ್ತ ನಡೆದೆ.

ಅತ್ತೆ ಹಿಂದಿರುಗುತ್ತ ಕಲ್ಲಿನ ಮೇಲೆ ಕೂತಿದ್ದರು. ದಾರಿಹೋಕ ಹೆಂಗಸೊಬ್ಬಳು ವಿಚಾರಿಸುತ್ತಿದ್ದಳು, “ಛಲೋ ಐತ್ರಿ ಕಲ್ಲು, ಯಾರ ಹಾಕಿಸ್ಯಾರ?”

“ನಮ್ಮ ಸೊಸಿ” ಎಂದರು ಅತ್ತೆ, ಎರಡು ಓಣಿಗೆ ಕೇಳುವ ದನಿಯಲ್ಲಿ. “ಕಾಲೇಜಿಗಿ ಹೋಗ್ತಾಳ.”

ನನ್ನನ್ನು ಕಂಡು ಸರಿದು ಜಾಗ ಮಾಡಿದರು. ನಾನು ಪಕ್ಕದಲ್ಲಿ ಕೂತೆ, ಮೊದಲ ದಿನದಿಂದ ನುಂಗಿಕೊಂಡಿದ್ದನ್ನೆಲ್ಲ ಸೇರಿಸಿ, ಗಟ್ಟಿಯಾಗಿ: “ಉಸ್ಸಪ್ಪಾ!”